ತಿಪಟೂರಿನ ಕಂದಾಯವೂ ಲಂಡನ್ನಿನ ನಾಲ್ಕು ಹಾಡುಗಳೂ

1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಾರ್ವೆಯ ಗಾಯಕಿ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ನಾಲ್ಕು ಹೊಸ ಹಾಡು ಹಾಡಿದರು. ಅವುಗಳನ್ನು ರಚಿಸಿದ ರಿಚರ್ಡ್ ಸ್ಟ್ರಾಸ್ ತೀರಿಕೊಂಡು ಎಂಟು ತಿಂಗಳಾಗಿತ್ತು. ನುಡಿಸಿದ್ದು ಫಿಲ್‌ಹಾರ್ಮೋನಿಯಾ ವಾದ್ಯವೃಂದ, ನಡೆಸಿದವರು ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್. ಖರ್ಚಿಗೆ ಹೊಣೆ ನಿಂತವರು ಮಾತ್ರ ಸಭೆಯಲ್ಲಿರಲಿಲ್ಲ. ಅವರು ನಮ್ಮ ಮೈಸೂರಿನ ಜಯಚಾಮರಾಜ ಒಡೆಯರ್.

ಇದರಲ್ಲಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯವರಿಗೆ ಏನು ಕೆಲಸ? ಇದೆ. ಒಡೆಯರ್ ದೊರೆಯಾಗಿದ್ದ ಹತ್ತು ವರ್ಷ ಅವರ ಸಂಗೀತದ ಹುಚ್ಚನ್ನು ಸಾಕಿದ್ದು ಸಂಸ್ಥಾನದ ಬೊಕ್ಕಸ. ಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಎನ್ನುವವರೆಗೆ ತಿಂಗಳುಗಟ್ಟಲೆ ಕಾದು, ಉಂಡೆ ಕೊಬ್ಬರಿ ಮಾರಿ ಕಂದಾಯ ಕಟ್ಟಿದ ನಮ್ಮ ಅಜ್ಜಂದಿರ ಕಾಸೂ ಆ ಬೊಕ್ಕಸದಲ್ಲಿತ್ತು. ಅದು ಎಲ್ಲಿಗೆ ಹೋಗಿ ಏನಾಯಿತೆಂದು ಕೇಳುವ ಹಕ್ಕು ಮೊಮ್ಮಕ್ಕಳಿಗಿದೆ.

ಫ್ಲಾಗ್‌ಸ್ಟಾಡ್ ಸೊಪ್ರಾನೊ. ಹೆಣ್ಣುಕಂಠಗಳಲ್ಲಿ ಎಲ್ಲಕ್ಕಿಂತ ಮೇಲಿನ ಸ್ಥಾಯಿಯಲ್ಲಿ ಸಂಚರಿಸುವುದು ಸೊಪ್ರಾನೊ ಕಂಠ. ಆಪೆರಾದಲ್ಲಿ ಮಾತೂ ಹಾಡೇ, ಮೈಕ್ ಇಲ್ಲ. ಎಂಬತ್ತು ತೊಂಬತ್ತು ವಾದ್ಯಗಳ ಮೇಲೆ ತೇಲಿ ಕೊನೆಯ ಸಾಲಿನವನನ್ನು ಮುಟ್ಟಬೇಕು. ಪಕ್ಕದ ತಾಲ್ಲೂಕಿನಿಂದ ಹೊರಟ ಗುಬ್ಬಿ ಕಂಪನಿಯ ನಾಟಕ ನೋಡಿದ ಹಿರಿಯರಿಗೆ ಇದನ್ನು ವಿವರಿಸಬೇಕಿಲ್ಲ. ಏರುಶ್ರುತಿಯಲ್ಲಿ ಹಾಡಿ, ಹಾರ್ಮೋನಿಯಂ ಮೀರಿ, ‘ಒನ್ಸ್ ಮೋರ್’ ಗಿಟ್ಟಿಸಿದವರೇ ಅಲ್ಲಿ ನಾಯಕಿಯರು. ಬಿ. ಜಯಮ್ಮನವರು ಬೆಳೆದದ್ದು ಅಂಥ ರಂಗದಲ್ಲೇ.

ಫ್ಲಾಗ್‌ಸ್ಟಾಡ್ ಹುಟ್ಟಿದ್ದು 1895ರಲ್ಲಿ, ನಾರ್ವೆಯ ಹಾಮಾರ್‌ನಲ್ಲಿ. ಹದಿನೆಂಟಕ್ಕೆ ರಂಗ ಹತ್ತಿದರೂ ಇಪ್ಪತ್ತು ವರ್ಷ ಹೆಚ್ಚುಕಡಿಮೆ ತಮ್ಮ ಸುತ್ತಿನ ದೇಶಗಳಲ್ಲೇ ಹಾಡಿಕೊಂಡಿದ್ದರು. 1935ರ ಫೆಬ್ರವರಿ 2ರಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದಲ್ಲಿ ವ್ಯಾಗ್ನರ್‌ನ ‘ದಿ ವಾಲ್ಕೂರೆ’ಯಲ್ಲಿ ಹಾಡಿದಾಗ ವಯಸ್ಸು 39. ಆ ಒಂದು ಪ್ರದರ್ಶನದಿಂದ ಅವರು ಜಗತ್ತಿನ ಗಾಯಕಿಯಾದರು. 1941ರಲ್ಲಿ, ಯುದ್ಧದ ನಡುವೆ, ಗಂಡನ ಬಳಿಗೆಂದು ಜರ್ಮನರ ಕೈಯಲ್ಲಿದ್ದ ನಾರ್ವೆಗೆ ಮರಳಿದರು. ಗಂಡ ಮರದ ವ್ಯಾಪಾರಿ, ನಾಜಿಗಳ ಜೊತೆಗಿದ್ದ ಪಕ್ಷದಲ್ಲಿದ್ದವರು. ಯುದ್ಧ ಮುಗಿದ ಮೇಲೆ ಅವರ ಬಂಧನವಾಯಿತು. ವಿಚಾರಣೆಗೆ ಮೊದಲೇ 1946ರಲ್ಲಿ ತೀರಿಕೊಂಡರು. ಗಂಡನ ಕಳಂಕ ಹೆಂಡತಿಯ ಕೊರಳಿಗೂ ಸುತ್ತಿಕೊಂಡಿತು. ಅಮೆರಿಕದಲ್ಲಿ ಅವರ ಕಛೇರಿಗಳ ಮುಂದೆ ಪ್ರತಿಭಟನೆಗಳು ನಡೆದವು. ಲಂಡನ್ ಮಾತ್ರ ಅವರನ್ನು ಬಾಗಿಲು ತೆರೆದು ಬರಮಾಡಿಕೊಂಡಿತು.

ಅತ್ತ 84ರ ಸ್ಟ್ರಾಸ್ 1948ರಲ್ಲಿ, ಮೇನಿಂದ ಸೆಪ್ಟೆಂಬರ್‌ವರೆಗೆ, ಈ ನಾಲ್ಕು ಹಾಡು ಕೂಡಿಸಿದರು. ಮೂರರ ಸಾಹಿತ್ಯ ಹರ್ಮನ್ ಹೆಸ್ಸೆಯದು. ಹೌದು, ‘ಸಿದ್ಧಾರ್ಥ’ ಬರೆದ ಹೆಸ್ಸೆಯೇ. ಇನ್ನೊಂದು ಐಷೆನ್‌ಡಾರ್ಫ್ ಎಂಬ ಹಳೆಯ ಕವಿಯದು; ಬಾಳೆಲ್ಲ ಜೊತೆಗೆ ನಡೆದ ಇಬ್ಬರು ಸಂಜೆಗೆಂಪಿನಲ್ಲಿ ನಿಂತು ಇದೇ ಸಾವಿರಬಹುದೇ ಎಂದು ಕೇಳಿಕೊಳ್ಳುವ ಪದ್ಯ. ಸ್ಟ್ರಾಸ್ ಹೆಂಡತಿ ಪಾಲಿನಾ ಕೂಡ ಸೊಪ್ರಾನೊ ಆಗಿದ್ದವರು. ಮನುಷ್ಯ ಬದುಕಿಡೀ ಆ ಕಂಠಕ್ಕೇ ಬರೆದ ಎನ್ನಬಹುದು. ಈ ಹಾಡುಗಳನ್ನು ಮೊದಲು ನೀವೇ ಹಾಡಬೇಕು, ಒಳ್ಳೆಯ ನಿರ್ವಾಹಕರೂ ವಾದ್ಯವೃಂದವೂ ಇರಬೇಕು ಎಂದು ಅವರು ಫ್ಲಾಗ್‌ಸ್ಟಾಡರಿಗೆ ಕಾಗದ ಬರೆದರು. 1949ರ ಸೆಪ್ಟೆಂಬರ್ 8ರಂದು ಸ್ಟ್ರಾಸ್ ಹೋದರು. ಅಂಥ ವಾದ್ಯವೃಂದಕ್ಕೆ ದುಡ್ಡು ಎಲ್ಲಿಂದ ಬರಬೇಕು?

ಮೈಸೂರಿನಿಂದ ಬಂತು. ಒಡೆಯರಿಗೆ ಪಿಯಾನೊ ವಾದಕರಾಗುವ ಆಸೆಯಿತ್ತು. 1940ರ ಮಾರ್ಚಿನಲ್ಲಿ ತಂದೆ, ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜರು ಹೋಗಿಬಿಟ್ಟರು. 21ರ ಹುಡುಗನಿಗೆ ಪಿಯಾನೊ ಬದಲು ಸಿಂಹಾಸನ ಸಿಕ್ಕಿತು. ತಾನು ನುಡಿಸಲಾಗದ್ದನ್ನು ಬೇರೆಯವರಿಂದ ನುಡಿಸಲು ಹೊರಟರು. ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯನ್ ಸಂಗೀತಗಾರ ನಿಕೊಲಾಯ್ ಮೆಟ್ನರ್ ರಚನೆಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕನ್ಸರ್ಟೊವನ್ನು ಒಡೆಯರಿಗೆ ಅರ್ಪಿಸಿದರು. ಆ ಧ್ವನಿಮುದ್ರಣಗಳಲ್ಲಿ ಮೆಟ್ನರ್ ಪಿಯಾನೊಗೆ ಹಾಡಿದ ಸೊಪ್ರಾನೊಗಳಲ್ಲಿ ಎಲಿಜಬೆತ್ ಶ್ವಾರ್ಜ್‌ಕಾಫ್ ಒಬ್ಬರು. ರೆಕಾರ್ಡ್ ಕಂಪನಿಯ ವಾಲ್ಟರ್ ಲೆಗ್ 1945ರಲ್ಲಿ ಕಟ್ಟಿದ್ದ ಫಿಲ್‌ಹಾರ್ಮೋನಿಯಾಕ್ಕೂ ನೆರವು ಹರಿಯಿತು. ಮೈಸೂರಿಗೆ ಬಂದು ಹೋದ ಲೆಗ್, ಅರಮನೆಯ ರೆಕಾರ್ಡುಗಳ ರಾಶಿ ಕಂಡು ಬೆರಗಾದದ್ದನ್ನು ಬರೆದಿದ್ದಾರೆ. ಇದೇ ಒಡೆಯರು ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದವರು ಎನ್ನುವುದನ್ನು ಮರೆಯಬಾರದು. ಒಂದನ್ನು ಪ್ರೀತಿಸಲು ಇನ್ನೊಂದನ್ನು ಬಿಡಬೇಕೆಂದು ಅವರಿಗೆ ಅನ್ನಿಸಲೇ ಇಲ್ಲ.

ಸ್ಟ್ರಾಸ್ ಹಾಡುಗಳಿಗೆ ಅವರು ಕೊಟ್ಟ ಖಾತರಿ 4,800 ಡಾಲರ್. ಅಂದಿನ ದರದಲ್ಲಿ ಸುಮಾರು 23 ಸಾವಿರ ರೂಪಾಯಿ. ಕಛೇರಿ ನಡೆಯಬೇಕು, ಧ್ವನಿಮುದ್ರಣವಾಗಿ ಅದು ತಮ್ಮ ಸಂಗ್ರಹಕ್ಕೆ ಬರಬೇಕು, ಇಷ್ಟೇ ಬೇಡಿಕೆ. ಅಷ್ಟು ಹೊತ್ತಿಗೆ ಸಂಸ್ಥಾನ ಗಣರಾಜ್ಯದಲ್ಲಿ ಸೇರಿತ್ತು, ಒಡೆಯರ್ ರಾಜಪ್ರಮುಖರು. ಸರ್ಕಾರ ವರ್ಷಕ್ಕೆ ಕೊಡುತ್ತಿದ್ದ 26 ಲಕ್ಷ ರೂಪಾಯಿ ರಾಜಧನದಲ್ಲಿ ಈ ಮೊತ್ತ ನೂರರಲ್ಲಿ ಒಂದು ಪಾಲೂ ಆಗದು. ಆದರೂ ರಾಜಧನವೂ ಪ್ರಜೆಗಳ ಹಣವೇ ಎನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಶಾಲೆ, ಕೆರೆ, ಆಸ್ಪತ್ರೆಗಳಿಗೆ ಆ ಹಣ ಸಾಲುತ್ತಿರಲಿಲ್ಲವೇ ಎಂದರೆ ಉತ್ತರ ಸುಲಭವಲ್ಲ. ರಾಜರು ಬೇಟೆಗೆ, ಕಾರಿಗೆ, ಕುದುರೆ ಜೂಜಿಗೆ ಸುರಿದ ಹಣದ ಪಕ್ಕದಲ್ಲಿಟ್ಟು ನೋಡಿದರೆ ಇದು ಉಳಿದು ನಿಂತ ಖರ್ಚು ಎಂಬುದು ನನ್ನ ಲೆಕ್ಕ.

ಕಛೇರಿಗೆ ಒಂಬತ್ತು ದಿನ ಮೊದಲು ಪಾಲಿನಾ ತೀರಿಕೊಂಡರು. ಹೀಗಾಗಿ ಹಾಡು ಯಾರಿಗಾಗಿ ಹುಟ್ಟಿತೋ ಅವರೂ ಕೇಳಲಿಲ್ಲ, ಬರೆದವರೂ ಕೇಳಲಿಲ್ಲ. 54ರ ಫ್ಲಾಗ್‌ಸ್ಟಾಡ್ ದನಿ ಆಗ ಮೇಲಿನ ಸ್ವರಗಳಲ್ಲಿ ಮೊದಲಿನಷ್ಟು ಸಲೀಸಾಗಿರಲಿಲ್ಲ. ಎರಡು ವರ್ಷದ ಬಳಿಕ ‘ಟ್ರಿಸ್ಟಾನ್’ ಆಪೆರಾದ ಧ್ವನಿಮುದ್ರಣದಲ್ಲಿ ಅವರ ಅತಿ ಎತ್ತರದ ಸ್ವರಗಳನ್ನು ಶ್ವಾರ್ಜ್‌ಕಾಫ್ ಸೇರಿಸಿಕೊಟ್ಟರು. ಆದರೆ ಈ ಹಾಡುಗಳಿಗೆ ಬೇಕಾದ್ದು ಎತ್ತರಕ್ಕಿಂತ ಹೆಚ್ಚಾಗಿ ಮಾಗಿದ ದನಿ. ಅದು ಅವರಲ್ಲಿ ಧಾರಾಳವಾಗಿತ್ತು. ಮುಂದೆ ಫ್ಲಾಗ್‌ಸ್ಟಾಡ್ ನಾರ್ವೆಯ ರಾಷ್ಟ್ರೀಯ ಆಪೆರಾದ ಮೊದಲ ನಿರ್ದೇಶಕಿಯಾಗಿ, 1962ರಲ್ಲಿ ತೀರಿಕೊಂಡರು. ‘ಕೊನೆಯ ನಾಲ್ಕು ಹಾಡುಗಳು’ ಎಂಬ ಹೆಸರು ಪ್ರಕಾಶಕ ಅರ್ನ್ಸ್ಟ್ ರಾಟ್ ಇಟ್ಟದ್ದು. ಅಲ್ಲಿಂದೀಚೆಗೆ ದೊಡ್ಡ ಸೊಪ್ರಾನೊಗಳಲ್ಲಿ ಅವನ್ನು ಹಾಡದವರು ವಿರಳ.

ಮೊದಲ ದಿನದ ಧ್ವನಿಮುದ್ರಣ ಉಳಿದಿದೆ, ಸಿ.ಡಿ. ಆಗಿಯೂ ಬಂದಿದೆ. ತಟ್ಟೆ ಸವೆದು ಗೊರಗೊರ ಸದ್ದು ಜಾಸ್ತಿ. ಅದಕ್ಕೆ ಹೆದರಬೇಡಿ. ಮೊದಲು ಶ್ವಾರ್ಜ್‌ಕಾಫರದೋ ಜೆಸ್ಸಿ ನಾರ್ಮನ್‌ರದೋ ಶುದ್ಧ ಮುದ್ರಣ ಕೇಳಿ ಹಾಡಿನ ಗುರುತು ಹಿಡಿದುಕೊಳ್ಳಿ. ಆಮೇಲೆ 1950ರದ್ದನ್ನು ಹಾಕಿ. ತೋಟದ ಮನೆಯಲ್ಲಿ ಕೂತೇ ಕೇಳಬಹುದು, ಒಟ್ಟು ಅರ್ಧ ಗಂಟೆಯೂ ಹಿಡಿಯದು.