ಟ್ರಕ್ಕಿನ ಸಾಕೆಟ್ಟೂ ನಾನೂರು ವಾಟ್‌ನ ಲೆಕ್ಕವೂ

ಅಮೆರಿಕದಲ್ಲಿ ಮಾರಾಟವಾಗುವ ಪಿಕಪ್ ಟ್ರಕ್ಕುಗಳಲ್ಲಿ, ಅಂದರೆ ಮುಂದೆ ಜನರು ಕೂರುವ ಕ್ಯಾಬಿನ್ನೂ ಹಿಂದೆ ಸರಕು ತುಂಬುವ ತೆರೆದ ತೊಟ್ಟಿಯೂ ಇರುವ ವಾಹನಗಳಲ್ಲಿ, ಮನೆಯ ಗೋಡೆಯ ಮೇಲಿರುವಂಥದೇ ವಿದ್ಯುತ್ ಸಾಕೆಟ್ಟನ್ನು ಅಳವಡಿಸುವ ರೂಢಿ ಹಲವು ವರ್ಷಗಳಿಂದ ಬೆಳೆದುಬಂದಿದೆ. ಟೊಯೊಟಾ ಟಕೋಮಾದ ಎರಡನೆಯ ತಲೆಮಾರಿನ ಹಲವು ಮಾದರಿಗಳಲ್ಲಿ ಅದು ಹಿಂಬದಿಯ ತೊಟ್ಟಿಯ ಒಳಗೋಡೆಯಲ್ಲೇ ಇತ್ತು; ಫೋರ್ಡ್, ಷೆವರ್ಲೆ, ರ‍್ಯಾಮ್ ಕಂಪನಿಗಳ ಟ್ರಕ್ಕುಗಳಲ್ಲೂ ಇಂಥ ಸೌಲಭ್ಯ ಬಂದಿದೆ. ಮನೆಯ ಸಾಕೆಟ್ಟಿಗೂ ಇದಕ್ಕೂ ನೋಟದಲ್ಲಿ ವ್ಯತ್ಯಾಸ ಕಾಣದಿರುವುದೇ ಬಳಕೆದಾರರ ಗೊಂದಲಕ್ಕೆ ಮೂಲ. ಮನೆಯ ಸಾಕೆಟ್ಟಿನ ಹಿಂದೆ ವಿದ್ಯುತ್ ಸ್ಥಾವರಗಳನ್ನು ಹೆಣೆದ ಇಡೀ ಜಾಲವಿದ್ದರೆ, ಟ್ರಕ್ಕಿನ ಸಾಕೆಟ್ಟಿನ ಹಿಂದಿರುವುದು ಒಂದು ಆಲ್ಟರ್ನೇಟರ್, ಒಂದು ಬ್ಯಾಟರಿ ಮತ್ತು ಒಂದು ಚಿಕ್ಕ ಇನ್ವರ್ಟರ್ ಮಾತ್ರ.

ಎಂಜಿನ್ ತಿರುಗುವಾಗ ಅದಕ್ಕೆ ಬೆಲ್ಟಿನ ಮೂಲಕ ಜೋಡಿಸಿದ ಆಲ್ಟರ್ನೇಟರ್ ಎಂಬ ಯಂತ್ರವು ವಿದ್ಯುತ್ ಉತ್ಪಾದಿಸಿ 12 ವೋಲ್ಟ್‌ನ ಬ್ಯಾಟರಿಗೆ ಊಡಿಸುತ್ತದೆ. ಇದು ಒಂದೇ ದಿಕ್ಕಿನಲ್ಲಿ ಹರಿಯುವ ನೇರ ವಿದ್ಯುತ್ ಪ್ರವಾಹ. ಮನೆಬಳಕೆಯ ಸಾಧನಗಳಿಗಾದರೋ ಸೆಕೆಂಡಿಗೆ ಹಲವು ಬಾರಿ ದಿಕ್ಕು ಬದಲಿಸುವ ಪರ್ಯಾಯ ವಿದ್ಯುತ್ ಪ್ರವಾಹ ಬೇಕು. ಮೊದಲನೆಯದನ್ನು ಎರಡನೆಯದಾಗಿ ಮಾರ್ಪಡಿಸಿ, 12 ವೋಲ್ಟನ್ನು ಅಮೆರಿಕದ ಮನೆಗಳಲ್ಲಿರುವ 120 ವೋಲ್ಟ್‌ಗೆ ಏರಿಸುವ ಸಾಧನವೇ ಇನ್ವರ್ಟರ್. ಈ ಮಾರ್ಪಾಟಿನಲ್ಲಿ ಸ್ವಲ್ಪ ಶಕ್ತಿ ಶಾಖವಾಗಿ ವ್ಯರ್ಥವಾಗುವುದರಿಂದ, ಸಾಕೆಟ್ಟಿನಲ್ಲಿ 400 ವಾಟ್ ಪಡೆಯಬೇಕಾದರೆ 12 ವೋಲ್ಟ್‌ನ ಕಡೆಯಿಂದ 30ರಿಂದ 40 ಆಂಪಿಯರ್‌ನಷ್ಟು ಪ್ರವಾಹ ಸೆಳೆಯಬೇಕಾಗುತ್ತದೆ. ವಾಹನದ ದೀಪ, ಫ್ಯಾನು ಮತ್ತು ಕಂಪ್ಯೂಟರುಗಳ ಅಗತ್ಯವನ್ನೂ ಅದೇ ಆಲ್ಟರ್ನೇಟರ್ ಪೂರೈಸಬೇಕಾಗಿರುವುದರಿಂದಲೂ, ಎಂಜಿನ್ ನಿಧಾನವಾಗಿ ತಿರುಗುವಾಗ ಅದರ ಉತ್ಪಾದನೆ ಕುಗ್ಗುವುದರಿಂದಲೂ, ತಯಾರಕರು ಸಾಮಾನ್ಯ ಟ್ರಕ್ಕುಗಳಲ್ಲಿ 400 ವಾಟ್‌ನ ಆಸುಪಾಸಿನಲ್ಲೇ ಮಿತಿ ಹಾಕಿದ್ದಾರೆ. ಟಕೋಮಾದಲ್ಲಿ ಈ ಪೂರ್ಣ ಮಿತಿಯೂ ವಾಹನ ನಿಂತಿರುವಾಗ ಮಾತ್ರ ಲಭ್ಯ. ಚಲಿಸುವಾಗ ಅದು 100 ವಾಟ್‌ಗೆ ಇಳಿಯುತ್ತದೆ.

ನಾನೂರು ವಾಟ್‌ನಲ್ಲಿ ಏನಾದೀತು ಎಂಬುದು ಸಾಧನದ ಮೇಲೆ ಬರೆದ ಅಂಕಿಯನ್ನು ಓದಿದರೆ ತಿಳಿಯುತ್ತದೆ. ಲ್ಯಾಪ್‌ಟಾಪ್, ಟಿ.ವಿ., ಎಲ್‌ಇಡಿ ದೀಪಗಳು, ಡ್ರಿಲ್ ಯಂತ್ರದ ಬ್ಯಾಟರಿ ಚಾರ್ಜರ್ ಇವೆಲ್ಲ ನಿರಾತಂಕವಾಗಿ ನಡೆಯುತ್ತವೆ. ನೀರು ಕಾಯಿಸುವ ಕೆಟಲ್, ಹೇರ್ ಡ್ರೈಯರ್, ಮೈಕ್ರೋವೇವ್ ಒಲೆಗಳಂಥ ಶಾಖದ ಸಾಧನಗಳು ಸಾವಿರ ವಾಟ್ ದಾಟುವುದರಿಂದ ಅವುಗಳ ಮಾತೇ ಬೇಡ. ಮರ ಕೊಯ್ಯುವ ವೃತ್ತಾಕಾರದ ಗರಗಸಕ್ಕೆ 15 ಆಂಪಿಯರ್ ಎಂದು ಬರೆದಿದ್ದರೆ, ಅದನ್ನು 120 ವೋಲ್ಟ್‌ನಿಂದ ಗುಣಿಸಿದಾಗ ದೊರೆಯುವ 1800 ವಾಟ್ ಈ ಸಾಕೆಟ್ಟಿನ ಸಾಮರ್ಥ್ಯದ ನಾಲ್ಕೂವರೆ ಪಟ್ಟು. ನಿಜವಾಗಿ ಮೋಸಗೊಳಿಸುವುದು ಮೋಟಾರು ಅಡಗಿರುವ ಚಿಕ್ಕ ಸಾಧನಗಳು. ಫ್ರಿಜ್ ಸ್ಥಿರವಾಗಿ ನಡೆಯುವಾಗ ಇನ್ನೂರು ವಾಟ್‌ನೊಳಗೇ ಸೆಳೆಯಬಹುದಾದರೂ, ಅದರ ಕಂಪ್ರೆಸರ್ ನಿಂತಲ್ಲಿಂದ ತಿರುಗತೊಡಗುವ ಕ್ಷಣದಲ್ಲಿ ಹಲವು ಪಟ್ಟು ಹೆಚ್ಚು ಪ್ರವಾಹ ಬೇಡುತ್ತದೆ; ಆ ಕ್ಷಣಿಕ ಬೇಡಿಕೆಯನ್ನು ತಾಳಲಾರದ ಇನ್ವರ್ಟರ್ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಸಾಕೆಟ್ ಕೆಟ್ಟಿತೆಂದು ಎಷ್ಟೋ ಮಂದಿ ಗ್ಯಾರೇಜಿಗೆ ಓಡುವುದು ಇಂಥ ಸಂದರ್ಭದಲ್ಲಿ. ವಾಸ್ತವವಾಗಿ ಅದು ತನಗೆ ವಹಿಸಿದ ರಕ್ಷಣೆಯ ಕೆಲಸವನ್ನು ಮಾಡಿರುತ್ತದೆ, ಭಾರವನ್ನು ತೆಗೆದು ಸ್ವಿಚ್ಚನ್ನು ಮತ್ತೆ ಒತ್ತಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಎಂಜಿನ್ ಆರಿಸಿ ಸಾಕೆಟ್ ಬಳಸುವುದು ಇನ್ನೊಂದು ತಪ್ಪು ನಿರೀಕ್ಷೆ. ವಾಹನದ ಸಾಮಾನ್ಯ ಬ್ಯಾಟರಿಯನ್ನು ಎಂಜಿನ್ ಚಾಲೂ ಮಾಡಲು ಬೇಕಾದ ಕೆಲವೇ ಸೆಕೆಂಡುಗಳ ಭಾರೀ ಸೆಳೆತಕ್ಕೆಂದು ರೂಪಿಸಲಾಗಿದೆಯೇ ಹೊರತು ಗಂಟೆಗಟ್ಟಲೆ ಬರಿದಾಗುತ್ತ ಹೋಗುವುದಕ್ಕಲ್ಲ. 70 ಆಂಪಿಯರ್-ಗಂಟೆಯ ಬ್ಯಾಟರಿಯಿಂದ 400 ವಾಟ್ ಸೆಳೆದರೆ ಒಂದು ಗಂಟೆಯೊಳಗೇ ಅದರ ಅರ್ಧ ಸಂಗ್ರಹ ಮುಗಿಯುತ್ತದೆ, ಆಮೇಲೆ ಎಂಜಿನ್ ಚಾಲೂ ಆಗುವುದೇ ಅನುಮಾನ.

ಈ ಇಕ್ಕಟ್ಟನ್ನು ಬಗೆಹರಿಸಿದ್ದು ಹೈಬ್ರಿಡ್ ಮತ್ತು ವಿದ್ಯುತ್ ವಾಹನಗಳ ದೊಡ್ಡ ಬ್ಯಾಟರಿ. ಫೋರ್ಡ್ ಕಂಪನಿಯ 2021ರ ಎಫ್-150 ಹೈಬ್ರಿಡ್ ಟ್ರಕ್ಕು 2.4 ಕಿಲೋವಾಟ್, ಹೆಚ್ಚಿನ ಬೆಲೆಗೆ 7.2 ಕಿಲೋವಾಟ್ ಸಾಮರ್ಥ್ಯದೊಂದಿಗೆ ಬಂದಿತು. ಮರುವರ್ಷದ ಎಫ್-150 ಲೈಟ್ನಿಂಗ್ ಎಂಬ ಪೂರ್ಣ ವಿದ್ಯುತ್ ಟ್ರಕ್ಕಿನಲ್ಲಿ ಅದು 9.6 ಕಿಲೋವಾಟ್‌ವರೆಗೆ ಏರಿತು. 2021ರ ಫೆಬ್ರುವರಿಯಲ್ಲಿ ಟೆಕ್ಸಾಸ್ ರಾಜ್ಯ ಹಿಮಗಾಳಿಗೆ ಸಿಲುಕಿ ಲಕ್ಷಾಂತರ ಮನೆಗಳು ಕತ್ತಲಾದಾಗ, ತಮ್ಮಲ್ಲಿದ್ದ ಎಫ್-150 ಹೈಬ್ರಿಡ್ ಟ್ರಕ್ಕುಗಳನ್ನು ಸಂಕಷ್ಟದಲ್ಲಿದ್ದವರಿಗೆ ಎರವಲು ಕೊಡುವಂತೆ ಫೋರ್ಡ್ ಅಲ್ಲಿನ ಮಾರಾಟಗಾರರನ್ನು ಕೋರಿತು. ಶಾಖಕ್ಕಾಗಿ ಮುಚ್ಚಿದ ಗ್ಯಾರೇಜಿನಲ್ಲಿ ವಾಹನದ ಎಂಜಿನ್ ಓಡಿಸಿ, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಜನರು ಬಲಿಯಾದದ್ದೂ ಅದೇ ದಿನಗಳಲ್ಲಿ. ಪೆಟ್ರೋಲ್ ಟ್ರಕ್ಕಿನಿಂದ ವಿದ್ಯುತ್ ಪಡೆಯುವವರು ವಾಹನವನ್ನು ಬಯಲಿನಲ್ಲಿ, ಕಿಟಕಿಗಳಿಂದ ದೂರ ನಿಲ್ಲಿಸಲೇಬೇಕು.

ಅಷ್ಟೇ ಘೋರವಾದುದು ಟ್ರಕ್ಕಿನ ವಿದ್ಯುತ್ತನ್ನು ಮನೆಯ ಗೋಡೆಯ ಸಾಕೆಟ್ಟಿಗೆ ತಿರುಗುಮುರುಗಾಗಿ ಊಡುವ ಸಾಹಸ. ಹೀಗೆ ಹಿಮ್ಮುಖವಾಗಿ ಹರಿದ ಪ್ರವಾಹ ಬೀದಿಯ ಟ್ರಾನ್ಸ್‌ಫಾರ್ಮರ್ ತಲುಪಿದಾಗ ಅದು ವೋಲ್ಟೇಜನ್ನು ಸಾವಿರಾರಕ್ಕೆ ಏರಿಸುತ್ತದೆ, ತಂತಿ ನಿರ್ಜೀವವೆಂದು ನಂಬಿ ದುರಸ್ತಿಗೆ ಕಂಬ ಹತ್ತಿದ ಲೈನ್‌ಮನ್ ಪ್ರಾಣ ಕಳೆದುಕೊಳ್ಳಬಹುದು. ಮನೆಯನ್ನು ಜಾಲದಿಂದ ಸಂಪೂರ್ಣ ಬೇರ್ಪಡಿಸಿದ ಮೇಲಷ್ಟೇ ಟ್ರಕ್ಕಿಗೆ ಜೋಡಿಸುವ ಬದಲಾವಣೆ ಸ್ವಿಚ್ಚನ್ನು ಅರ್ಹ ಎಲೆಕ್ಟ್ರಿಷಿಯನ್ ಕೈಯಲ್ಲಿ ಹಾಕಿಸದೆ ಈ ಕೆಲಸಕ್ಕೆ ಇಳಿಯಬಾರದು.

ಊರಿನಿಂದ ಮಿಕ್ಸರ್ ಒಯ್ದ ಅಮೆರಿಕದ ಕನ್ನಡಿಗರಿಗೂ ಇಲ್ಲೊಂದು ತೊಡಕಿದೆ: 230 ವೋಲ್ಟ್‌ಗೆ ತಯಾರಾದ 750 ವಾಟ್‌ನ ಆ ಯಂತ್ರ ವೋಲ್ಟೇಜಿನಲ್ಲೂ ಸಾಮರ್ಥ್ಯದಲ್ಲೂ 400 ವಾಟ್‌ನ ಟ್ರಕ್ ಸಾಕೆಟ್ಟಿಗೆ ಹೊಂದುವುದಿಲ್ಲ. ಕರ್ನಾಟಕದ ರಸ್ತೆಗಳ ಸಾಮಾನ್ಯ ಪಿಕಪ್ ವಾಹನಗಳಲ್ಲಿ ಕಾಣುವುದು ಮೊಬೈಲ್ ಚಾರ್ಜರಿಗೆ ತಕ್ಕ 12 ವೋಲ್ಟ್‌ನ ಸಾಕೆಟ್ ಮಾತ್ರ. ಭಾರತದಲ್ಲಿ 2023ರಲ್ಲಿ ಬಂದ ಪರಿಷ್ಕೃತ ಟಾಟಾ ನೆಕ್ಸಾನ್ ವಿದ್ಯುತ್ ಕಾರು 3.3 ಕಿಲೋವೋಲ್ಟ್-ಆಂಪಿಯರ್‌ವರೆಗೆ ಹೊರಗಿನ ಸಾಧನಗಳಿಗೆ ವಿದ್ಯುತ್ ಕೊಡಬಲ್ಲದು. ದೀಪ, ಫ್ಯಾನು, ಫ್ರಿಜ್ಜುಗಳಿಗೆ ಅದು ಸಾಕು. ಆದರೆ ಅದು ಕೊಡುವುದು ಮನೆಬಳಕೆಯ ಏಕ ಫೇಸ್ ವಿದ್ಯುತ್ತನ್ನಾದ್ದರಿಂದ, ತೋಟದ ಕೊಳವೆಬಾವಿಯಲ್ಲಿ ಇಳಿಸಿರುವ ಮೂರು ಫೇಸ್‌ನ ಪಂಪ್‌ಸೆಟ್ಟನ್ನು ನೇರವಾಗಿ ಅದಕ್ಕೆ ಜೋಡಿಸಿ ನಡೆಸಲಾಗದು.