ತೂಕ ಇಳಿಸುವ ಶಸ್ತ್ರಚಿಕಿತ್ಸೆ: ವಿಮೆಯ ಒಪ್ಪಿಗೆಗೆ ಕಾಯುವ ದಿನಗಳು

ಸ್ಥೂಲಕಾಯ ಪಟ್ಟಣದ ಸಿರಿವಂತರ ಕಾಯಿಲೆ ಎಂದು ಹೇಳುತ್ತಿದ್ದ ಕಾಲವೊಂದಿತ್ತು. ಆ ಮಾತು ಈಗ ಸಲ್ಲದು. ವರವು ಕಾವಲಿನಂಥ ಹುಲ್ಲುಗಾವಲುಗಳಲ್ಲಿ ದನಕುರಿಗಳ ಹಿಂದೆ ದಿನವಿಡೀ ನಡೆದವರ ಮಕ್ಕಳು, ಮೊಮ್ಮಕ್ಕಳು ಇಂದು ಅಂಗಡಿಯಲ್ಲೋ ಕಚೇರಿಯಲ್ಲೋ ಮಗ್ಗದ ಮುಂದೆಯೋ ಕುಳಿತು ದುಡಿಯುತ್ತಾರೆ. ಊಟ ಮಾತ್ರ ನಡೆಯುವವರ ಊಟವಾಗಿಯೇ ಉಳಿದಿದೆ. ಅದರ ಮೇಲೆ ಬೇಕರಿಯ ತಿಂಡಿ ಬೇರೆ. ಹೀಗಾಗಿ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಲ್ಲಿಯೂ ಅತಿತೂಕದ ಜೊತೆಗೆ ಸಕ್ಕರೆ ಕಾಯಿಲೆ, ಮಂಡಿನೋವು, ನಿದ್ರೆಯಲ್ಲಿ ಉಸಿರುಗಟ್ಟುವಿಕೆಯಿಂದ ಬಳಲುವವರಿದ್ದಾರೆ. ಪಥ್ಯ, ವ್ಯಾಯಾಮ, ಔಷಧಿಗಳಿಂದ ಗುಣ ಕಾಣದಿದ್ದಾಗ ಇವರಲ್ಲಿ ಕೆಲವರಿಗೆ ವೈದ್ಯರು ಜಠರವನ್ನು ಕಿರಿದುಗೊಳಿಸುವ 'ಬೇರಿಯಾಟ್ರಿಕ್' ಶಸ್ತ್ರಚಿಕಿತ್ಸೆಯನ್ನು ಸೂಚಿಸುತ್ತಾರೆ.

ಇದು ತಾಲ್ಲೂಕು ಆಸ್ಪತ್ರೆಯಲ್ಲಿ ನಡೆಯುವಂಥದ್ದಲ್ಲ. ದೊಡ್ಡ ಊರಿಗೆ ಹೋಗಬೇಕು, ಖರ್ಚು ಲಕ್ಷಗಳಲ್ಲಿ. ಆದ್ದರಿಂದ ಮನೆಯಲ್ಲಿ ಕತ್ತಿಯ ಭಯಕ್ಕಿಂತ ದೊಡ್ಡದಾಗಿ ಏಳುವ ಪ್ರಶ್ನೆ, 'ವಿಮೆಯವರು ಒಪ್ಪುತ್ತಾರೆಯೇ?' ಎಂಬುದು. ಈ ಆತಂಕ ಸಹಜ. ಆದರೆ ಅದೇ ಆತಂಕ ಶಸ್ತ್ರಚಿಕಿತ್ಸೆಯ ಸಿದ್ಧತೆಯನ್ನು ಕೆಡಿಸಿದರೆ ಅಪಾಯ ದೇಹಕ್ಕೆ.

ಹೇಗೆ ಕೆಡಿಸುತ್ತದೆ? ಮೊಳಕಾಲ್ಮುರಿನ 45 ವರ್ಷದ ಗೃಹಿಣಿಯೊಬ್ಬರು ಎಂದಿಟ್ಟುಕೊಳ್ಳಿ. ಎತ್ತರ 160 ಸೆಂಟಿಮೀಟರ್, ತೂಕ 94 ಕಿಲೋ. ತೂಕವನ್ನು ಮೀಟರ್‌ನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವುದೇ ದೇಹತೂಕ ಸೂಚ್ಯಂಕ, ಅಂದರೆ ಬಿಎಂಐ. ಇವರದು ಸುಮಾರು 36.7. ಔಷಧಿ ತೆಗೆದುಕೊಂಡರೂ ಸಕ್ಕರೆ ಹತೋಟಿಗೆ ಬಂದಿಲ್ಲ. ವಿಮೆಯ ನಿಯಮಕ್ಕೆ ಇವರು ಹೊಂದುತ್ತಾರೆ. ಶಸ್ತ್ರವೈದ್ಯರು ಎರಡು ವಾರದ ಕಟ್ಟುನಿಟ್ಟಾದ ಪಥ್ಯ ಹೇಳುತ್ತಾರೆ. ಐದು ಕಿಲೋ ಇಳಿದು 89ಕ್ಕೆ ಬಂದರೆ ಸೂಚ್ಯಂಕ 35ರ ಗೆರೆಯಿಂದ ಕೆಳಗೆ ಜಾರುತ್ತದೆ! 'ಹಾಗಾದರೆ ಪಥ್ಯ ಬೇಡ, ಮಂಜೂರಾಗುವ ತನಕ ಚೆನ್ನಾಗಿಯೇ ಉಣ್ಣೋಣ' ಎಂದು ಅವರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ಹಾಗೆ ಮಾಡಕೂಡದು. ಅತಿತೂಕದವರ ಯಕೃತ್ತಿನಲ್ಲಿ ಕೊಬ್ಬು ತುಂಬಿ ಅದು ಊದಿಕೊಂಡಿರುತ್ತದೆ. ಅದರ ಎಡಭಾಗ ಜಠರದ ಮೇಲೆಯೇ ಮಲಗಿರುವುದರಿಂದ ಉದರದರ್ಶಕದ ಮೂಲಕ ಕೆಲಸ ಮಾಡುವ ವೈದ್ಯರಿಗೆ ದಾರಿ ಮುಚ್ಚುತ್ತದೆ. ಪಥ್ಯದಿಂದ ಯಕೃತ್ತು ಕುಗ್ಗಿ ಜಾಗ ದೊರೆಯುತ್ತದೆ. ಪಥ್ಯ ಬಿಟ್ಟು ತೂಕ ಏರಿಸಿಕೊಂಡು ಹೋಗುವವರು ತಮ್ಮ ಶಸ್ತ್ರಚಿಕಿತ್ಸೆಯನ್ನು ತಾವೇ ಕಷ್ಟಮಾಡಿಕೊಳ್ಳುತ್ತಾರೆ.

ನಿಯಮ ಹೇಳುವುದೇನು?

ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2019ರಲ್ಲಿ ಎಲ್ಲ ಆರೋಗ್ಯ ವಿಮೆಗಳಿಗೂ ಒಂದೇ ಭಾಷೆಯ ಹೊರಗಿಡುವಿಕೆಗಳನ್ನು ಗೊತ್ತುಪಡಿಸಿತು. ನಿಮ್ಮ ಪಾಲಿಸಿಯಲ್ಲಿ 'ಬೊಜ್ಜು, ತೂಕ ನಿಯಂತ್ರಣ' ಎಂಬ ಶೀರ್ಷಿಕೆಯ ಕೆಳಗೆ ಅದನ್ನು ನೋಡಬಹುದು. ಅದರ ಸಾರ ಇಷ್ಟು: ವೈದ್ಯರ ಸಲಹೆ ಇರಬೇಕು, ಚಿಕಿತ್ಸೆ ಅಂಗೀಕೃತ ವೈದ್ಯಕೀಯ ಕ್ರಮಕ್ಕೆ ಅನುಗುಣವಾಗಿರಬೇಕು, ವಯಸ್ಸು 18 ತುಂಬಿರಬೇಕು, ಸೂಚ್ಯಂಕ 40 ಅಥವಾ ಹೆಚ್ಚಿರಬೇಕು. ಇಲ್ಲವೇ 35 ಅಥವಾ ಹೆಚ್ಚಿದ್ದು, ಸರಳ ಉಪಾಯಗಳಿಂದ ತೂಕ ಇಳಿಯದೆ, ಜೊತೆಗೆ ಬೊಜ್ಜಿನಿಂದಾದ ಹೃದಯಸ್ನಾಯುವಿನ ಕಾಯಿಲೆ, ಹೃದಯದ ರಕ್ತನಾಳಗಳ ಕಾಯಿಲೆ, ತೀವ್ರ ನಿದ್ರಾ ಉಸಿರುಗಟ್ಟುವಿಕೆ, ಹತೋಟಿಗೆ ಬಾರದ ಎರಡನೇ ಬಗೆಯ ಸಕ್ಕರೆ ಕಾಯಿಲೆ, ಇವುಗಳಲ್ಲಿ ಒಂದಾದರೂ ಇರಬೇಕು. ಮಂಡಿನೋವು ಈ ಪಟ್ಟಿಯಲ್ಲಿಲ್ಲ ಎಂಬುದನ್ನು ಗಮನಿಸಿ.

40 ಮತ್ತು 35ರ ಈ ಗೆರೆಗಳು 1991ರಲ್ಲಿ ಅಮೆರಿಕದ ತಜ್ಞರ ಸಭೆಯೊಂದು ಎಳೆದವು. 2022ರಲ್ಲಿ ಈ ಶಸ್ತ್ರಚಿಕಿತ್ಸೆಯ ಎರಡು ಪ್ರಮುಖ ವೈದ್ಯ ಸಂಘಗಳು ಅವನ್ನು ತಿದ್ದಿ, 35 ದಾಟಿದವರಿಗೆ ಬೇರೆ ಕಾಯಿಲೆ ಇಲ್ಲದಿದ್ದರೂ ಶಸ್ತ್ರಚಿಕಿತ್ಸೆ ಸೂಚಿಸಬಹುದು, ಏಷ್ಯಾದವರಿಗೆ 27.5ರಿಂದಲೇ ಪರಿಶೀಲಿಸಬಹುದು ಎಂದವು. ನಮ್ಮವರಿಗೆ ಕಡಿಮೆ ತೂಕದಲ್ಲಿಯೇ ಸಕ್ಕರೆ ಕಾಯಿಲೆ ಬರುತ್ತದೆ ಎಂಬುದು ಇದರ ಹಿನ್ನೆಲೆ. ಹೀಗೆ ವೈದ್ಯರ ಅಳತೆ ಒಂದು, ವಿಮೆಯ ಅಳತೆ ಇನ್ನೊಂದು. ವಿಮೆಯದು ನಮ್ಮ ಮೈಕಟ್ಟಿಗೆ ಹೊಂದದ ಹಳೆಯ ಅಳತೆ ಎಂದೇ ನನ್ನ ಅಭಿಪ್ರಾಯ. ಆದರೂ ಸದ್ಯಕ್ಕೆ ಹಣ ಸಂದಾಯವಾಗುವುದು ಅದರ ಮೇಲೆ. ವಿಮೆ ನಿರಾಕರಿಸಿದ ಮಾತ್ರಕ್ಕೆ ಚಿಕಿತ್ಸೆ ಅನಗತ್ಯವೆಂದು ತಿಳಿಯಬೇಕಿಲ್ಲ.

ಗೃಹಿಣಿಯ ಪ್ರಶ್ನೆಗೆ ಮರಳೋಣ. ತೂಕವನ್ನು ಯಾವ ದಿನ ನೋಡಬೇಕೆಂದು ಈ ನಿಯಮದಲ್ಲಿ ಬರೆದಿಲ್ಲ. ಆದ್ದರಿಂದ ಮೊದಲ ಭೇಟಿಯ ದಿನವೇ ಆಸ್ಪತ್ರೆಯ ಹಾಳೆಯಲ್ಲಿ ಎತ್ತರ, ತೂಕ, ಸೂಚ್ಯಂಕಗಳನ್ನು ತಾರೀಖಿನೊಡನೆ ಬರೆಸಿಕೊಳ್ಳಿ. ಮುಂದಿನ ಪಥ್ಯ ಚಿಕಿತ್ಸೆಯ ಭಾಗವೆಂದೂ, ಅದರಿಂದ ತೂಕ ಇಳಿಯುವುದು ನಿರೀಕ್ಷಿತವೆಂದೂ ಶಸ್ತ್ರವೈದ್ಯರು ಅದೇ ಹಾಳೆಯಲ್ಲಿ ಬರೆಯಲಿ. ಆ ಹಾಳೆಯನ್ನು ಪಥ್ಯಕ್ಕೆ ಮುಂಚೆಯೇ ವಿಮಾ ಕಂಪನಿಗೆ ಕಳಿಸಿ, ಯಾವ ತೂಕವನ್ನು ಲೆಕ್ಕಕ್ಕೆ ಹಿಡಿಯುತ್ತೀರಿ ಎಂದು ಲಿಖಿತವಾಗಿ ಕೇಳಿ. ಏಜೆಂಟರು ಬಾಯಿಮಾತಿನಲ್ಲಿ ಕೊಡುವ ಭರವಸೆಗೆ ಬೆಲೆಯಿಲ್ಲ.

ಚೀಟಿಗಳನ್ನು ಎಸೆಯಬೇಡಿ

'ಸರಳ ಉಪಾಯಗಳು ವಿಫಲವಾದವು' ಎಂಬುದಕ್ಕೆ ಪುರಾವೆ ಬೇಕು. ನಮ್ಮಲ್ಲಿ ಔಷಧಿ ಕೊಂಡ ಮೇಲೆ ವೈದ್ಯರ ಚೀಟಿ ಕಸದ ಬುಟ್ಟಿಗೆ ಹೋಗುತ್ತದೆ. ಚಳ್ಳಕೆರೆಯ ನಿಮ್ಮ ವೈದ್ಯರು ಎರಡು ವರ್ಷದ ಹಿಂದೆ ಬರೆದ ತೂಕ, ಪಥ್ಯದ ಸಲಹೆ, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆಯ ವರದಿಗಳು ಈಗ ಹಣಕ್ಕೆ ಸಮಾನ. ಗೊರಕೆ ಎಂದರೆ ಸಾಲದು. ಉಸಿರುಗಟ್ಟುವಿಕೆ 'ತೀವ್ರ' ಎಂದು ಹೇಳುವ ನಿದ್ರಾ ಪರೀಕ್ಷೆಯ ವರದಿ ಬೇಕು.

ಪಾಲಿಸಿಯ ವಯಸ್ಸನ್ನೂ ನೋಡಿ. ಮೊದಲೇ ಇದ್ದ ಕಾಯಿಲೆಗಳಿಗೆ ಕಂಪನಿ ವಿಧಿಸಬಹುದಾದ ಕಾಯುವ ಅವಧಿ 2024ರ ನಿಯಮದಂತೆ ಗರಿಷ್ಠ 36 ತಿಂಗಳು. ಕೆಲವು ಪಾಲಿಸಿಗಳು ಈ ಶಸ್ತ್ರಚಿಕಿತ್ಸೆಗೇ ಪ್ರತ್ಯೇಕ ಕಾಯುವ ಅವಧಿಯನ್ನೂ ಹಣದ ಮಿತಿಯನ್ನೂ ಇಟ್ಟಿರುತ್ತವೆ. ಇರುವ ಸಕ್ಕರೆ ಕಾಯಿಲೆಯನ್ನು ಪಾಲಿಸಿ ಕೊಳ್ಳುವಾಗ ಮುಚ್ಚಿಟ್ಟವರಿಗೆ ತೊಂದರೆ ಬರುವುದು ಇಲ್ಲಿಯೇ. ವರವು ಕಾವಲಿನ ವೈಮಾನಿಕ ಪರೀಕ್ಷಾ ನೆಲೆಯಂಥ ಕಡೆ ಇರುವ ಕೇಂದ್ರ ಸರ್ಕಾರಿ ನೌಕರರಿಗೆ ಅವರ ಇಲಾಖೆಯ ವೈದ್ಯಕೀಯ ನಿಯಮಗಳು ಬೇರೆ. ಅವರು ಕಚೇರಿಯಲ್ಲಿಯೇ ವಿಚಾರಿಸಿ ಮುಂಚಿತವಾಗಿ ಅನುಮತಿ ಕೇಳಬೇಕು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಕಾರ್ಡುಳ್ಳವರು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕೇಳಲಿ.

ಕಾಯುವಾಗ ಮಾಡಬೇಕಾದ್ದು

ಒಪ್ಪಿಗೆ ತಡವಾದರೆ ಆ ದಿನಗಳನ್ನು ದೇಹಕ್ಕೆ ಕೊಡಿ. ಬೀಡಿ, ಸಿಗರೇಟು, ಹೊಗೆಸೊಪ್ಪು ಇಂದೇ ನಿಲ್ಲಬೇಕು. ರಕ್ತಹೀನತೆ, ಬಿ-12 ಮತ್ತು ಡಿ ಜೀವಸತ್ವಗಳ ಕೊರತೆಯನ್ನು ಈಗಲೇ ಪರೀಕ್ಷಿಸಿ ಸರಿಪಡಿಸಿಕೊಳ್ಳಬೇಕು. ಆಮೇಲೆ ಇವು ಹೆಚ್ಚುತ್ತವೆ. ಇನ್ಸುಲಿನ್ ಅಥವಾ ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ಪಥ್ಯ ಆರಂಭಿಸುವ ಮೊದಲು ಪ್ರಮಾಣ ಕಡಿಮೆ ಮಾಡಬೇಕೇ ಎಂದು ವೈದ್ಯರನ್ನು ಕೇಳಲೇಬೇಕು. ಇಲ್ಲದಿದ್ದರೆ ಸಕ್ಕರೆ ದಿಢೀರನೆ ಕುಸಿದೀತು. ವಾರಕ್ಕೊಮ್ಮೆ ತೂಕದ ಚುಚ್ಚುಮದ್ದು ತೆಗೆದುಕೊಳ್ಳುವವರು ಅದನ್ನು ಅರಿವಳಿಕೆ ವೈದ್ಯರಿಗೆ ಮರೆಯದೆ ತಿಳಿಸಬೇಕು.

ಇನ್ನೊಂದು ಅಭ್ಯಾಸವಿದೆ, ನಮ್ಮ ಸೀಮೆಯವರಿಗೆ ಬಹಳ ಕಷ್ಟದ್ದು. ಮುದ್ದೆಯನ್ನು ನುಂಗುತ್ತೇವೆ, ಅಗಿಯುವುದಿಲ್ಲ. ಅಗಿದರೆ ಮನೆಯ ಹಿರಿಯರು ನಗುತ್ತಾರೆ! ಕಿರಿದಾದ ಜಠರಕ್ಕೆ ಹೀಗೆ ನುಂಗಿದ ತುತ್ತು ಹೊಂದುವುದಿಲ್ಲ. ಎದೆಯಲ್ಲಿ ಸಿಕ್ಕಿಕೊಂಡು ನೋವು, ವಾಂತಿ ಆಗುತ್ತದೆ. ಸಣ್ಣ ತುತ್ತು, ನಿಧಾನ ಅಗಿತ, ಊಟದ ನಡುವೆ ನೀರು ಕುಡಿಯದಿರುವುದು, ಮೊದಲು ಬೇಳೆ, ಮೊಟ್ಟೆ, ಮೊಸರು, ಆಮೇಲೆ ಉಳಿದದ್ದು: ಇದನ್ನು ಈಗಿನಿಂದಲೇ ರೂಢಿಸಬೇಕು. ಮನೆಯಲ್ಲಿ ಅಡುಗೆ ಮಾಡುವವರಿಗೂ ಇದು ತಿಳಿದಿರಲಿ. ಶಸ್ತ್ರಚಿಕಿತ್ಸೆಯ ನಂತರ ಜೀವಸತ್ವದ ಮಾತ್ರೆಗಳು ಆಜೀವ ಪರ್ಯಂತ; ಅವುಗಳ ಖರ್ಚನ್ನೂ ಮೊದಲೇ ಲೆಕ್ಕಹಾಕಿಕೊಳ್ಳಿ.

ನಿರಾಕರಿಸಿದರೆ?

2024ರ ಸುತ್ತೋಲೆಯಂತೆ ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಕಂಪನಿ ಒಂದು ಗಂಟೆಯೊಳಗೆ, ಬಿಡುಗಡೆಯ ಕೋರಿಕೆಗೆ ಮೂರು ಗಂಟೆಯೊಳಗೆ ಉತ್ತರಿಸಬೇಕು. ನಗದುರಹಿತ ಕೋರಿಕೆ ತಿರಸ್ಕೃತವಾದರೆ ಹಣದ ಹಕ್ಕೇ ಹೋಯಿತೆಂದಲ್ಲ. ಕೈಯಿಂದ ಕಟ್ಟಿ ಆಮೇಲೆ ಮರುಪಾವತಿ ಕೇಳಬಹುದು. ಆದರೆ ಸಾಲ ಮಾಡುವ ಮುಂಚೆ ತಿರಸ್ಕಾರದ ಕಾರಣವನ್ನು ಲಿಖಿತವಾಗಿ ಪಡೆದು ಓದಿ. ವರದಿ ಸಾಲದು ಎಂಬ ಕಾರಣವಾದರೆ ವರದಿ ಸೇರಿಸಿ ಮತ್ತೆ ಕಳಿಸಬಹುದು. ಸೂಚ್ಯಂಕವೇ ಕಡಿಮೆ, ಕಾಯುವ ಅವಧಿ ಮುಗಿದಿಲ್ಲ ಎಂಬ ಕಾರಣವಾದರೆ ಹಣ ಬರುವ ಆಸೆ ಕಡಿಮೆ.

ತಿರಸ್ಕಾರ ಅನ್ಯಾಯವೆನಿಸಿದರೆ ಮೊದಲು ಕಂಪನಿಯ ಕುಂದುಕೊರತೆ ವಿಭಾಗಕ್ಕೆ ದೂರು ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತಾರದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ ಅವರಿಗೆ ದೂರು ಕೊಡಬಹುದು. ಕರ್ನಾಟಕದ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಮೊದಲ ದಿನದ ತೂಕ ಬರೆದ ಆ ಹಾಳೆಯ ನಕಲನ್ನು ದೂರಿನೊಡನೆ ಲಗತ್ತಿಸಿ.