ಒಂದು ಎಣ್ಣೆ, ಎರಡು ಬೆಲೆ

ಧಾನ್ಯದ ಬೆಲೆಯೇರಿದರೆ ಉಣ್ಣುವವನಿಗೆ ಕಷ್ಟ. ಬಟ್ಟೆಯ ಬೆಲೆಯೇರಿದರೆ ಉಡುವವನಿಗೆ ಕಷ್ಟ. ಡೀಸೆಲ್ ಎಣ್ಣೆಯ ಬೆಲೆಯೇರಿದಾಗ ಮಾತ್ರ ಉಣ್ಣುವವನಿಗೂ ಉಡುವವನಿಗೂ ಏಕಕಾಲದಲ್ಲಿ ಕಷ್ಟವೊದಗುವುದು. ಲಾರಿಯು ಹೊರುವ ಅಕ್ಕಿಯ ಮೂಟೆಯ ಮೇಲೆಯೂ, ಬಸ್ಸಿನಲ್ಲಿ ಕುಳಿತ ವಿದ್ಯಾರ್ಥಿಯ ಚೀಟಿಯ ಮೇಲೆಯೂ, ಮಲ್ಪೆಯ ದೋಣಿಯು ತರುವ ಮೀನಿನ ಬುಟ್ಟಿಯ ಮೇಲೆಯೂ ಆ ಬೆಲೆಯು ಕಣ್ಣಿಗೆ ಕಾಣದ ಅಕ್ಷರಗಳಲ್ಲಿ ಬರೆಯಲ್ಪಟ್ಟಿರುತ್ತದೆ. ಈ ಕಷ್ಟವನ್ನು ಕುರಿತು ಪತ್ರಿಕೆಗಳಲ್ಲಿ ದೂರುಗಳು ಬಂದಿವೆ, ಇನ್ನೂ ಬರುತ್ತಲೇ ಇರುವುವು. ಪ್ರಕೃತ ನಾವು ವಾಚಕರ ಗಮನಕ್ಕೆ ತರಬೇಕೆಂದಿರುವುದು ಆ ಕಷ್ಟದ ಬೆನ್ನ ಹಿಂದೆಯೇ ಬರುವ ಒಂದು ಆಮಿಷವನ್ನು. ತೆರಿಗೆ ತೆರದ ಎಣ್ಣೆಯನ್ನು ಕದ್ದು ಸುಡುವ ಆಮಿಷವನ್ನು.

ನಾವು ಬಂಕಿನಲ್ಲಿ ಕೊಡುವ ಹಣವೆಲ್ಲವೂ ಎಣ್ಣೆಯ ಕ್ರಯವಲ್ಲವೆಂಬುದು ಸರ್ವವಿದಿತ. ಅದರಲ್ಲಿ ಕೇಂದ್ರ ಸರಕಾರದ ಅಬಕಾರಿ ಸುಂಕವಿದೆ. ರಾಜ್ಯ ಸರಕಾರದ ಮಾರಾಟ ತೆರಿಗೆಯಿದೆ. 2020ರ ಮೇ ತಿಂಗಳಲ್ಲಿ ಡೀಸೆಲಿನ ಮೇಲಣ ಕೇಂದ್ರ ಸುಂಕವು ಲೀಟರಿಗೆ 31 ರೂಪಾಯಿ 83 ಪೈಸೆಯವರೆಗೆ ಏರಿತ್ತು. 2021ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಲೀಟರಿನ ಬೆಲೆಯು 100 ರೂಪಾಯಿಗಳನ್ನು ದಾಟಿತು. ಆ ವರ್ಷದ ನವೆಂಬರಿನಲ್ಲಿ 10 ರೂಪಾಯಿಗಳನ್ನೂ, 2022ರ ಮೇ ತಿಂಗಳಲ್ಲಿ 6 ರೂಪಾಯಿಗಳನ್ನೂ ಕೇಂದ್ರವು ಇಳಿಸಿತು. ನಮ್ಮ ರಾಜ್ಯದ ತೆರಿಗೆಯಾದರೋ 2024ರ ಜೂನಿನಲ್ಲಿ ನೂರಕ್ಕೆ 14.34ರಿಂದ 18.44ಕ್ಕೂ, 2025ರ ಏಪ್ರಿಲಿನಲ್ಲಿ 21.17ಕ್ಕೂ ಏರಿತು. ಈ ತೆರಿಗೆಗಳಿಂದ ರಸ್ತೆಗಳಾಗುತ್ತವೆ, ಶಾಲೆಗಳು ನಡೆಯುತ್ತವೆ, ಸಂಬಳಗಳು ಸಲ್ಲುತ್ತವೆ. ಇದನ್ನು ಅಲ್ಲಗಳೆಯುವವರು ನಾವಲ್ಲ. ಆದರೆ ತೆರಿಗೆಯು ಎತ್ತರವಾದಷ್ಟೂ ತೆರಿಗೆಯಿಲ್ಲದ ಅದೇ ಎಣ್ಣೆಯು ಬಂಗಾರವಾಗುವುದೆಂಬ ಸಂಗತಿಯನ್ನೂ ಮರೆಯಲಾಗದು.

ಒಂದು ಲೆಕ್ಕವನ್ನು ಊಹಿಸೋಣ. ಒಂದು ಲಾರಿಯು ಲೀಟರಿಗೆ 4 ಮೈಲಿಗಲ್ಲಲ್ಲ, 4 ಕಿಲೋಮೀಟರು ಓಡುವುದೆಂದೂ, ದಿನಕ್ಕೆ 400 ಕಿಲೋಮೀಟರು ಸಾಗುವುದೆಂದೂ ಇಟ್ಟುಕೊಂಡರೆ ಅದಕ್ಕೆ 100 ಲೀಟರು ಬೇಕು. ಲೀಟರಿಗೆ 15 ರೂಪಾಯಿ ಅಗ್ಗವಾದ ಕಳ್ಳ ಎಣ್ಣೆ ದೊರೆತರೆ ದಿನಕ್ಕೆ 1,500 ರೂಪಾಯಿ ಉಳಿತಾಯ. ತಿಂಗಳಲ್ಲಿ 25 ದಿನ ಓಡಿದರೆ 37,500 ರೂಪಾಯಿ. ಸಾಲದ ಕಂತನ್ನು ಹೇಗೆ ಕಟ್ಟಲೆಂದು ತಲೆಯ ಮೇಲೆ ಕೈಹೊತ್ತು ಕುಳಿತ ಲಾರಿಯ ಮಾಲೀಕನಿಗೆ ಇದು ಸಾಮಾನ್ಯ ಪ್ರಲೋಭನೆಯಲ್ಲ. ಇನ್ನೂ ಕೆಟ್ಟದ್ದೆಂದರೆ, ಒಬ್ಬನು ಕಳ್ಳ ಎಣ್ಣೆಗೆ ಕೈಹಾಕಿದ ಕೂಡಲೆ ಅವನು ಬಾಡಿಗೆಯನ್ನು ಇಳಿಸಬಲ್ಲನು. ಆಗ ನೆಟ್ಟಗೆ ನಡೆಯುವ ನೆರೆಯವನಿಗೆ ಸರಕೇ ಸಿಕ್ಕದು. ಪ್ರಾಮಾಣಿಕನು ದಂಡ ತೆರುವನು, ಕಪಟಿಯು ಬಹುಮಾನ ಪಡೆಯುವನು. ಹೀಗೆ ಒಬ್ಬನ ಪಾಪವು ಇಡೀ ಕಸಬನ್ನು ಹಿಡಿಯುವುದು.

ನೀರು ತಗ್ಗಿಗೆ ಹರಿಯುವಂತೆ ಕೊಳ್ಳುವವನು ಅಗ್ಗಕ್ಕೆ ಹರಿಯುವನು. ಇದು ಕಾನೂನಿನೊಳಗೂ ನಡೆಯುತ್ತದೆ. 2022ರ ಮಾರ್ಚಿನಲ್ಲಿ ಸಗಟಾಗಿ ಕೊಳ್ಳುವವರ ಡೀಸೆಲ್ ಬೆಲೆಯು ಬಂಕಿನ ಬೆಲೆಗಿಂತ ಸುಮಾರು 25 ರೂಪಾಯಿ ಮೇಲೇರಿತು. ತಮ್ಮ ಡಿಪೋಗಳಲ್ಲೇ ತೊಟ್ಟಿಗಳನ್ನುಳ್ಳ ಸಾರಿಗೆ ಸಂಸ್ಥೆಗಳ ಬಸ್ಸುಗಳು ಆಗ ಬೀದಿಯ ಬಂಕುಗಳ ಮುಂದೆ ಸಾಲುನಿಂತುವು. ಅದರಲ್ಲಿ ಅಪರಾಧವೇನೂ ಇರಲಿಲ್ಲ. ಆದರೆ ಒಂದೇ ಎಣ್ಣೆಗೆ ಎರಡು ಬೆಲೆಯಿದ್ದಲ್ಲಿ ಜನರೂ ಸಂಸ್ಥೆಗಳೂ ಹೇಗೆ ನಡೆದುಕೊಳ್ಳುವುವೆಂಬುದಕ್ಕೆ ಅದು ಬಯಲಿನ ನಿದರ್ಶನ. ಅಡ್ಡದಾರಿಯಾದರೋ ಕತ್ತಲೆಯಲ್ಲಿರುವುದು. ರಿಯಾಯಿತಿಯಲ್ಲಿ ಒಬ್ಬರಿಗೆ ಕೊಟ್ಟ ಎಣ್ಣೆಯನ್ನು ಮತ್ತೊಬ್ಬರಿಗೆ ತಿರುಗಿಸುವುದು ಒಂದು ಬಗೆ. ಅಗ್ಗದ ಸೀಮೆಎಣ್ಣೆಯನ್ನು ಡೀಸೆಲಿಗೆ ಬೆರಸುವುದು ಎರಡನೆಯದು. ಕೈಗಾರಿಕೆಗೆಂದು ತಂದ ಎಣ್ಣೆಯನ್ನು ಬೇರೆ ಹೆಸರಿಟ್ಟು ವಾಹನಕ್ಕೆ ತುಂಬುವುದು ಮೂರನೆಯದು. 2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂದಾಗ ಡೀಸೆಲನ್ನು ಅದರ ಹೊರಗಿಟ್ಟು ಹಳೆಯ ಸುಂಕ, ತೆರಿಗೆಗಳನ್ನೇ ಮುಂದುವರಿಸಲಾಯಿತು. ಕೈಗಾರಿಕಾ ಎಣ್ಣೆಗಳು ಒಳಗೆ ಸೇರಿದುವು. ಈ ಸಂದಿಯಲ್ಲಿಯೇ 2020-21ರಲ್ಲಿ ಗುಜರಾತಿನ ಹೆದ್ದಾರಿಗಳ ಬದಿಯಲ್ಲಿ ‘ಜೈವಿಕ ಡೀಸೆಲ್’ ಎಂಬ ಸಾಧುನಾಮವನ್ನು ಹೊತ್ತ ಅಕ್ರಮ ಬಂಕುಗಳು ಅಣಬೆಗಳಂತೆ ಎದ್ದುವು. ಅಲ್ಲಿಯ ಸರಕಾರವು ದಾಳಿಗಳನ್ನು ನಡೆಸಬೇಕಾಯಿತು.

ಇಂತಹ ಕಳವನ್ನು ತಡೆಯಲು ಸರಕಾರಗಳು ಕಂಡುಕೊಂಡಿರುವ ಹಳೆಯ ಉಪಾಯವೆಂದರೆ ಬಣ್ಣ. ಎರಡನೆಯ ಮಹಾಯುದ್ಧವು ಮುಗಿದ ಮೇಲೂ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ಪಡಿತರವಿತ್ತು. 1948ರಲ್ಲಿ ಅಲ್ಲಿ ವ್ಯಾಪಾರದ ವಾಹನಗಳ ಪೆಟ್ರೋಲಿಗೆ ಕೆಂಪು ಬಣ್ಣವನ್ನು ಬೆರಸಿದರು. ಸ್ವಂತದ ಕಾರಿನಲ್ಲಿ ಕೆಂಪು ಕಂಡರೆ ಚಾಲಕನು ರಹದಾರಿಯನ್ನು ಕಳೆದುಕೊಳ್ಳಬೇಕಾಗಿತ್ತು. ಮುಂದೆ ಅಲ್ಲಿಯ ರೈತರ ಉಳುವ ಯಂತ್ರಗಳಿಗೂ ಇತರ ಕೆಲವು ಕಾರ್ಯಗಳಿಗೂ ಕಡಿಮೆ ಸುಂಕದ ಕೆಂಪು ಡೀಸೆಲ್ ಬಂದಿತು. 2022ರ ಆದಿಯಲ್ಲಿ ರಸ್ತೆಯ ಡೀಸೆಲಿಗೆ ಲೀಟರಿಗೆ 57.95 ಪೆನ್ಸ್ ಸುಂಕವಾದರೆ ಕೆಂಪು ಡೀಸೆಲಿಗೆ 11.14 ಪೆನ್ಸ್ ಮಾತ್ರ. ಐರ್ಲೆಂಡಿನಲ್ಲಿ ಇಂತಹ ಎಣ್ಣೆಯ ಬಣ್ಣ ಹಸುರು.

ಬಣ್ಣವು ಕಳ್ಳನನ್ನು ನಿಲ್ಲಿಸಿತೇ? ಚಾಪೆಯ ಕೆಳಗೆ ತೂರುವವನಿದ್ದರೆ ರಂಗೋಲಿಯ ಕೆಳಗೆ ತೂರುವವನೂ ಇರುವನೆಂಬ ಗಾದೆಯು ಎಲ್ಲ ದೇಶಗಳಿಗೂ ಸಲ್ಲುತ್ತದೆ. ಐರ್ಲೆಂಡಿನ ಗಡಿಯ ಎರಡು ಕಡೆಗಳಲ್ಲಿಯೂ ಆಮ್ಲಾದಿಗಳಿಂದ ಬಣ್ಣವನ್ನು ತೊಳೆಯುವ ಗುಪ್ತ ಕಾರ್ಖಾನೆಗಳು ಹುಟ್ಟಿದುವು. ತೊಳೆದುಳಿದ ವಿಷದ ರಾಡಿಯನ್ನು ರಾತ್ರೋರಾತ್ರಿ ರಸ್ತೆಯ ಬದಿಗಳಲ್ಲಿಯೂ ಹಳ್ಳಕೊಳ್ಳಗಳ ಬಳಿಯಲ್ಲಿಯೂ ಸುರಿದು ಹೋಗುತ್ತಿದ್ದರು. ಅದನ್ನೆತ್ತಿ ಶುಚಿಗೊಳಿಸುವ ವೆಚ್ಚವು ಸ್ಥಳೀಯ ಸಂಸ್ಥೆಗಳ, ಎಂದರೆ ತೆರಿಗೆ ತೆತ್ತ ಪ್ರಜೆಗಳ, ತಲೆಯ ಮೇಲೆ ಬೀಳುತ್ತಿತ್ತು. 2015ರಲ್ಲಿ ಎರಡು ಸರಕಾರಗಳೂ ಕೂಡಿ, ತೊಳೆಯಲು ಬಹು ಕಷ್ಟವಾದ ಹೊಸ ಗುರುತುದ್ರವ್ಯವನ್ನು ಬಳಕೆಗೆ ತಂದುವು. ಬಳಿಕ 2022ರ ಏಪ್ರಿಲ್ 1ರಿಂದ ಬ್ರಿಟನ್ನು ಕಟ್ಟಡ ಕೆಲಸವೇ ಮೊದಲಾದ ಅನೇಕ ಉದ್ಯಮಗಳಿಂದ ಕೆಂಪು ಎಣ್ಣೆಯ ಹಕ್ಕನ್ನು ಹಿಂದಕ್ಕೆ ಪಡೆದು, ಬೇಸಾಯ, ರೈಲು ಮುಂತಾದ ಕೆಲವಕ್ಕೆ ಮಾತ್ರ ಉಳಿಸಿತು. ಶುದ್ಧ ವಾಯುವಿನ ಉದ್ದೇಶವು ಅದರಲ್ಲಿ ಮುಖ್ಯವಾಗಿದ್ದರೂ, ಅಗ್ಗದ ಎಣ್ಣೆಯು ಹರಡಿದ ಬಯಲು ಕಿರಿದಾಯಿತೆಂಬುದು ನಿಜ.

ನಮ್ಮ ದೇಶದ ಬಣ್ಣ ನೀಲಿ. ಬಡವರ ದೀಪಕ್ಕೂ ಒಲೆಗೂ ಪಡಿತರದ ಮೂಲಕ ಕೊಡುವ ಸೀಮೆಎಣ್ಣೆಗೆ ನೀಲಿಯ ಗುರುತನ್ನು ಹಾಕಿದರು. 2005ರ ಸುಮಾರಿಗೆ ಆ ಎಣ್ಣೆಯ ಬೆಲೆ ಲೀಟರಿಗೆ ಸುಮಾರು 9 ರೂಪಾಯಿ. ಡೀಸೆಲಿನ ಬೆಲೆ 30 ರೂಪಾಯಿಗಳ ಆಸುಪಾಸು. ಅದೇ ವರ್ಷ ರಾಷ್ಟ್ರೀಯ ಅನ್ವಯಿಕ ಆರ್ಥಿಕ ಸಂಶೋಧನಾ ಮಂಡಳಿಯು ಮಾಡಿದ ಅಂದಾಜಿನಲ್ಲಿ ಪಡಿತರದ ಸೀಮೆಎಣ್ಣೆಯಲ್ಲಿ ನೂರಕ್ಕೆ 38 ಪಾಲಿನಷ್ಟು ದಾರಿತಪ್ಪುತ್ತಿತ್ತು. ಗುಡಿಸಲಿನ ದೀಪದಿಂದ ಕದ್ದ ಎಣ್ಣೆಯು ಲಾರಿಯ ತೊಟ್ಟಿಯಲ್ಲಿ ಹೊಗೆಯಾಗುತ್ತಿತ್ತು. ಜಿಡ್ಡು ಸಾಲದ ಆ ಎಣ್ಣೆಯಿಂದ ಎಂಜಿನ್ನಿನ ಪಂಪುಗಳು ಸವೆಯುತ್ತಿದ್ದುವು. 2006ರಲ್ಲಿ ಸೀಮೆಎಣ್ಣೆಗೆ ಹೊಸದೊಂದು ರಾಸಾಯನಿಕ ಗುರುತನ್ನು ಸೇರಿಸಿದರು. ಅದನ್ನೂ ತೊಳೆದು ತೆಗೆಯಬಹುದೆಂದು ಕಂಡುಬಂದು, ಮೂರು ವರ್ಷ ತುಂಬುವಷ್ಟರೊಳಗೆ ಅದನ್ನು ಕೈಬಿಡಬೇಕಾಯಿತು.

ಬಣ್ಣವು ಸೋತಲ್ಲಿ ಕಾವಲಿಗೆ ಉಳಿದವನು ಮನುಷ್ಯ. ನಮ್ಮ ಕೋಲಾರದ ಚಿನ್ನದ ಗಣಿಯ ಊರಿನ ತರುಣ ಷಣ್ಮುಗಂ ಮಂಜುನಾಥರು ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ, ಲಕ್ನೋವಿನಲ್ಲಿ ವ್ಯವಹಾರ ನಿರ್ವಹಣೆಯ ಶಿಕ್ಷಣವನ್ನು ಪಡೆದು, ಇಂಡಿಯನ್ ಆಯಿಲ್ ಸಂಸ್ಥೆಯ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖೀಂಪುರ ಖೇರಿಗೆ ಹೋದರು. ಕಲಬೆರಕೆ ಎಣ್ಣೆಯನ್ನು ಮಾರುತ್ತಿದ್ದ ಬಂಕುಗಳಿಗೆ ಬೀಗಮುದ್ರೆ ಹಾಕಿದರು. ಮತ್ತೆ ತೆರೆದುದನ್ನು ಮತ್ತೆ ತಪಾಸಣೆ ಮಾಡಲು ಹೋದರು. 2005ರ ನವೆಂಬರ್ 19ರಂದು ಅವರನ್ನು ಗುಂಡಿಕ್ಕಿ ಕೊಂದರು. ಅವರಿಗೆ ಆಗ 27 ವರ್ಷ. ಹತ್ತು ವರ್ಷಗಳ ನ್ಯಾಯವಿಚಾರಣೆಯ ಅನಂತರ 2015ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆರು ಮಂದಿಯ ಜೀವಾವಧಿ ಶಿಕ್ಷೆಯನ್ನು ಸ್ಥಿರಪಡಿಸಿತು. ಆ ವಿಚಾರಣೆಯು ಇನ್ನೂ ನಡೆಯುತ್ತಿರುವಾಗಲೇ, 2011ರ ಜನವರಿ 25ರಂದು, ಮಹಾರಾಷ್ಟ್ರದ ಮನಮಾಡದ ಬಳಿ ಎಣ್ಣೆಯ ಟ್ಯಾಂಕರುಗಳಲ್ಲಿ ನಡೆಯುತ್ತಿದ್ದ ಅಕ್ರಮವನ್ನು ಕಣ್ಣಾರೆ ಕಂಡು ತಡೆಯಹೋದ ಮಾಲೇಗಾಂವಿನ ಅಪರ ಜಿಲ್ಲಾಧಿಕಾರಿ ಯಶವಂತ ಸೋನವಣೆಯವರನ್ನು ಹಾಡುಹಗಲಿನಲ್ಲಿ ಜೀವಸಹಿತ ಸುಟ್ಟರು. ಲೀಟರಿಗೆ 20 ರೂಪಾಯಿಗಳ ಅಂತರವು ಕೊನೆಗೆ ಎಲ್ಲಿಗೆ ಬಂದು ಮುಟ್ಟಿತೆಂಬುದನ್ನು ವಾಚಕರು ಆಲೋಚಿಸಬೇಕು. ಅಗ್ಗದ ಎಣ್ಣೆಯನ್ನು ‘ಎಲ್ಲರೂ ಹಾಕಿಸುತ್ತಾರೆ’ ಎಂದು ಹಾಕಿಸಿಕೊಂಡವನು ಆ ಗುಂಡನ್ನು ಹಾರಿಸಲಿಲ್ಲ, ಆ ಬೆಂಕಿಯನ್ನು ಹಚ್ಚಲಿಲ್ಲ, ನಿಜ. ಆದರೆ ಹಾರಿಸಿದವರ, ಹಚ್ಚಿದವರ ವ್ಯಾಪಾರಕ್ಕೆ ಗಿರಾಕಿಯಾದವನು ಅವನೇ.

ಹಾಗಾದರೆ ಈ ಕೇಡು ಕಡಿಮೆಯಾದುದು ಹೇಗೆ? ಪೋಲೀಸರ ದಾಳಿಗಳಿಂದ ಅಷ್ಟಾಗಿ ಅಲ್ಲ; ಬೆಲೆಗಳ ಅಂತರವು ಕರಗಿದುದರಿಂದ. 2016ರ ಜುಲೈ ತಿಂಗಳಿನಿಂದ ಪಡಿತರದ ಸೀಮೆಎಣ್ಣೆಯ ಬೆಲೆಯನ್ನು 25 ಪೈಸೆಗಳಂತೆ ಮೆಲ್ಲಮೆಲ್ಲನೆ ಏರಿಸುತ್ತ ಬಂದು, 2020ರ ವೇಳೆಗೆ ಅದರ ಸಹಾಯಧನವನ್ನು ಇಲ್ಲವಾಗಿಸಿದರು. ವಿದ್ಯುತ್ತೂ ಅಡಿಗೆಯ ಅನಿಲವೂ ಮನೆಮನೆಗೆ ಹಬ್ಬಿದುದರಿಂದ ಆ ಎಣ್ಣೆಯ ಅವಶ್ಯಕತೆಯೂ ತಗ್ಗಿತು. ಅನಿಲದ ವಿಷಯದಲ್ಲಿ ಇನ್ನೊಂದು ವಿವೇಕದ ಕ್ರಮವು ನಡೆಯಿತು. 2013ರ ಜೂನಿನಲ್ಲಿ ನಮ್ಮ ತುಮಕೂರೂ ಸೇರಿದಂತೆ ಕೆಲವು ಜಿಲ್ಲೆಗಳಲ್ಲಿ ಆರಂಭಿಸಿ, 2015ರ ಜನವರಿಯಿಂದ ದೇಶಕ್ಕೆಲ್ಲ ವಿಸ್ತರಿಸಿ, ಸಿಲಿಂಡರನ್ನು ಒಂದೇ ಬೆಲೆಗೆ ಮಾರಿ ಸಹಾಯಧನವನ್ನು ಬಳಕೆದಾರನ ಬ್ಯಾಂಕಿನ ಖಾತೆಗೆ ಜಮಾ ಮಾಡುವ ಪದ್ಧತಿಯನ್ನು ತಂದರು. ಸಹಾಯವು ಸರಕಿಗೆ ಅಂಟಿಕೊಂಡಿದ್ದರೆ ಸರಕು ಹೋದಲ್ಲಿಗೆ ಹೋಗುವುದು. ಮನುಷ್ಯನಿಗೆ ಅಂಟಿಕೊಂಡಿದ್ದರೆ ಮನುಷ್ಯನ ಬಳಿಯಲ್ಲಿಯೇ ಉಳಿಯುವುದು. ನಮ್ಮ ವಾದವೆಲ್ಲವೂ ಈ ಒಂದು ಮಾತಿನಲ್ಲಡಗಿದೆ.

ಇದರಿಂದ ರಿಯಾಯಿತಿಗಳೇ ಕೂಡದೆಂದು ನಾವು ಹೇಳಿದಂತಾಗದು. ಕರಾವಳಿಯ ಯಾಂತ್ರಿಕ ದೋಣಿಗಳ ಡೀಸೆಲಿಗೆ ನಮ್ಮ ಸರಕಾರವು ಮಾರಾಟ ತೆರಿಗೆಯಿಂದ ವಿನಾಯಿತಿ ಕೊಟ್ಟಿರುವುದು ಯೋಗ್ಯವೇ. ರಸ್ತೆಯನ್ನು ತುಳಿಯದೆ ಕಡಲಿನಲ್ಲಿ ಪ್ರಾಣವನ್ನು ಪಣವಿಟ್ಟು ದುಡಿಯುವ ಮೀನುಗಾರನಿಗೆ ಅದು ಅನ್ನದ ಪ್ರಶ್ನೆ. ಆದರೆ ದಡದಲ್ಲಿ ನಿಂತ ಲಾರಿಗೆ ಆ ಎಣ್ಣೆಯ ಒಂದು ಪೀಪಾಯಿ ಸೋರಿದರೂ, ನಾಳೆ ವಿನಾಯಿತಿಯ ಮೇಲೆ ಕಣ್ಣಿಟ್ಟವರಿಗೆ ಅದೇ ನೆವವಾಗುವುದು. ಕಳ್ಳನ ಪಾಪಕ್ಕೆ ಬಡ ಮೊಗವೀರನು ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾಗುವುದು. ಆದ್ದರಿಂದ ಸರಕಾರವು ಇಂತಹ ಸಹಾಯವನ್ನು ಸಾಧ್ಯವಿದ್ದಲ್ಲೆಲ್ಲ ಎಣ್ಣೆಯ ಬೆಲೆಯಲ್ಲಿ ಇಳಿಸದೆ, ದೋಣಿಯು ಕಡಲಿಗಿಳಿದ ದಿನಗಳ ಲೆಕ್ಕದಂತೆ ಮಾಲೀಕನ ಖಾತೆಗೆ ವಿಳಂಬವಿಲ್ಲದೆ ಸಲ್ಲಿಸುವುದು ಉಚಿತವೆಂದು ನಮ್ಮ ಅಭಿಪ್ರಾಯ. ವಿಳಂಬವಿಲ್ಲದೆ ಎಂಬ ಮಾತನ್ನು ಒತ್ತಿ ಹೇಳುವೆವು. ಆರು ತಿಂಗಳು ತಡವಾಗಿ ಬರುವ ಸಹಾಯವು ಸಾಲಗಾರನ ಬಡ್ಡಿಗೆ ಮಾತ್ರ ಸಹಾಯ.

ಕೆಲವರು ಹೀಗೆ ವಾದಿಸುವುದುಂಟು: “ಸರಕಾರವೇ ಅತಿಯಾಗಿ ಹಿಂಡುವಾಗ ಪ್ರಜೆಯು ನುಣುಚಿಕೊಂಡರೆ ತಪ್ಪೇನು? ಅನ್ಯಾಯದ ತೆರಿಗೆಯನ್ನು ಮುರಿಯುವುದು ನಮ್ಮ ಹಿರಿಯರೇ ಕಲಿಸಿದ ಪಾಠವಲ್ಲವೇ?” ಹಿರಿಯರ ಹೆಸರನ್ನು ಎತ್ತಿದುದರಿಂದ ಉತ್ತರವನ್ನು ಕೊಡಲೇಬೇಕು. 1930ರ ಏಪ್ರಿಲಿನಲ್ಲಿ ಅಂಕೋಲೆಯ ಕಡಲ ತೀರದಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದವರು ಸಾವಿರಾರು ಜನರ ಎದುರಿಗೆ ಮುರಿದರು. ಕರನಿರಾಕರಣೆಯ ಕಾಲದಲ್ಲಿ ಅಂಕೋಲೆ, ಸಿದ್ದಾಪುರಗಳ ರೈತರು ತಾವು ಕಂದಾಯವನ್ನು ಕೊಡೆವೆಂದು ಸಾರಿ ಹೇಳಿದರು. ಹೊಲಮನೆಗಳನ್ನು ಕಳೆದುಕೊಂಡರು, ಸೆರೆಮನೆಗೆ ಹೋದರು. ಅವರು ಪ್ರಜೆಗಳು ಆರಿಸದ ಪರರ ಸರಕಾರದೆದುರು ನಿಂತಿದ್ದರು. ಅವರ ಚೀಲಕ್ಕೆ ಒಂದು ಕಾಸೂ ಸೇರಲಿಲ್ಲ. ರಾತ್ರಿಯ ಹೊತ್ತು ಹಿತ್ತಲಿನ ಪೀಪಾಯಿಯಿಂದ ಕೊಳವೆಯಿಟ್ಟು ಎಣ್ಣೆ ತುಂಬಿಸಿಕೊಂಡು, ಉಳಿಸಿದ ಹಣವನ್ನು ಎಣಿಸುವವನಿಗೂ ಅವರಿಗೂ ಹೋಲಿಕೆಯೆಲ್ಲಿಯದು? ತೆರಿಗೆಯು ಹೆಚ್ಚಾಯಿತೆಂದು ತೋರಿದರೆ ಸಭೆಯಲ್ಲಿ ಹೇಳಬೇಕು, ಪತ್ರಿಕೆಗೆ ಬರೆಯಬೇಕು, ಮತಪೆಟ್ಟಿಗೆಯ ಮುಂದೆ ತೋರಿಸಬೇಕು. ಲಾರಿಯ ಮಾಲೀಕರ ಸಂಘಗಳು ಮುಷ್ಕರ ಹೂಡಿದುದೂ ಉಂಟು; ಅದು ಬೆಳಕಿನಲ್ಲಿ ನಡೆಯುವ ಹೋರಾಟ, ಅದಕ್ಕೆ ನಾವು ಗೌರವ ಕೊಡುವೆವು.

ಸರಕಾರದವರಿಗೂ ನಾವು ಒಂದು ಮಾತನ್ನು ಬಿನ್ನವಿಸಬೇಕಾಗಿದೆ. ಖಜಾನೆಯು ಬರಿದಾದಾಗಲೆಲ್ಲ ಎಣ್ಣೆಯ ತೆರಿಗೆಯನ್ನು ಏರಿಸುವುದು ಸುಲಭ. ಏಕೆಂದರೆ ಅದನ್ನು ವಸೂಲು ಮಾಡಲು ಮನೆಮನೆಗೆ ಅಮಲ್ದಾರನು ಹೋಗಬೇಕಾದುದಿಲ್ಲ. ಆದರೆ ಏರಿಸಿದ ಪ್ರತಿಯೊಂದು ರೂಪಾಯಿಯೂ ಕಳ್ಳ ವ್ಯಾಪಾರಿಯ ಲಾಭಕ್ಕೂ ಒಂದು ರೂಪಾಯಿಯನ್ನು ಸೇರಿಸುವುದೆಂಬುದನ್ನು ಲೆಕ್ಕದಲ್ಲಿ ಹಿಡಿಯಬೇಕು. ತೆರಿಗೆಯನ್ನು ಏರಿಸಿ, ತಪಾಸಣೆಯ ಸಿಬ್ಬಂದಿಯನ್ನು ಹಾಗೆಯೇ ಬಿಟ್ಟು, ಒಬ್ಬ ಮಂಜುನಾಥರನ್ನು ಒಂಟಿಯಾಗಿ ಕತ್ತಲೆಗೆ ಕಳುಹಿಸುವುದು ರಾಜ್ಯಭಾರವೆನಿಸದು. ತಪಾಸಣೆಗೆ ಹೋಗುವ ಅಧಿಕಾರಿಗೆ ಜೊತೆಯೂ ರಕ್ಷಣೆಯೂ ಇರಬೇಕು. ಅವನು ಹಾಕಿದ ಬೀಗವನ್ನು ಮೇಲಿನವರು ತಿಂಗಳೊಳಗೆ ತೆರೆಸಕೂಡದು.

ನಮ್ಮ ವಾಚಕರಲ್ಲಿ ಅಧಿಕಾರಿಗಳಿದ್ದಾರೆ, ವರ್ತಕರಿದ್ದಾರೆ, ವಾಹನಗಳ ಒಡೆಯರಿದ್ದಾರೆ. ಅವರಲ್ಲಿ ಯಾರಿಗಾದರೂ ಲೀಟರಿಗೆ ಇಷ್ಟು ಕಡಿಮೆಯೆಂದು ಯಾರಾದರೂ ಕಿವಿಯಲ್ಲಿ ಹೇಳಿದರೆ ಅವರು ಒಂದು ಪ್ರಶ್ನೆಯನ್ನು ಕೇಳಲಿ: ಈ ಕಡಿಮೆಯಾದ ಹಣವನ್ನು ತೆರುತ್ತಿರುವವರು ಯಾರು? ಗುಡಿಸಲಿನವನೋ, ಮೀನುಗಾರನೋ, ನೆಟ್ಟಗೆ ನಡೆದು ಬಾಡಿಗೆ ಕಳೆದುಕೊಂಡ ನೆರೆಯವನೋ, ಅಥವಾ ಮಗನ ಹೆಣವನ್ನು ದೂರದೂರಿನಿಂದ ಮನೆಗೆ ತರಿಸಿಕೊಂಡ ಕೋಲಾರದ ಗಣಿಯೂರಿನ ತಾಯಿತಂದೆಗಳೋ? ಉತ್ತರವನ್ನು ತಿಳಿದ ಮೇಲೂ ತೊಟ್ಟಿಯ ಮುಚ್ಚಳವನ್ನು ತೆರೆಯುವವರು ನಮ್ಮ ಪಟ್ಟಣಗಳಲ್ಲಿ ಬಹಳ ಮಂದಿ ಇರಲಾರರೆಂದು ನಾವು ನಂಬಿರುವೆವು.